ಮಗುವಿನ ತೊಡೆ ಮೇಲೆ ಗುರುತು ನೋಡಿದೆ, ಮೇಡಂ ಸುಮ್ಮನಿರು ಅಂದರು. ಏನು ಮಾಡಲಿ?

ಬಳಪದ ಚೂರು (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನಾನು ಇಲ್ಲೇ ದಾವಣಗೆರೆಯ ಒಂದು ಪ್ಲೇ ಹೋಮ್‌ನಲ್ಲಿ ಟೀಚರ್. ಸೇರಿ ಎರಡು ವರ್ಷ ಆಯಿತು. ಮಧ್ಯಾಹ್ನದ ತನಕ ಪ್ರಿ ಕೆಜಿ, ಆಮೇಲೆ ಸಂಜೆ ಆರರವರೆಗೆ ಡೇ ಕೇರ್. 26 ಮಕ್ಕಳು, ಇಬ್ಬರು ಟೀಚರ್, ಒಬ್ಬರು ಆಯಾ, ಮೇಲೆ ಮೇಡಂ. ಅಷ್ಟೇ ನಮ್ಮ ಪ್ರಪಂಚ.

ಹೋದ ಮಂಗಳವಾರ ಮಧ್ಯಾಹ್ನ ಮಲಗಿದ್ದ ಹುಡುಗನೊಬ್ಬ ಉಚ್ಚೆ ಮಾಡಿಕೊಂಡಿದ್ದ. ಆಯಾ ಊಟದ ಡಬ್ಬಿ ತೊಳೆಯುತ್ತಿದ್ದರು ಅಂತ ನಾನೇ ಚಡ್ಡಿ ಬದಲಿಸಲು ಕರೆದುಕೊಂಡು ಹೋದೆ. ತೊಡೆಯ ಹಿಂಭಾಗದಲ್ಲಿ ಗುರುತು. ಬಿದ್ದು ತರಚಿದ ಹಾಗಿಲ್ಲ. ಜೋಡಿ ಗೆರೆ, ತುದಿಯಲ್ಲಿ ಬಾಗಿ ಒಂದಕ್ಕೊಂದು ಸೇರಿದೆ, ಹೇರ್‌ಪಿನ್ ಹಾಗೆ. ಒಂದು ಕಾಲಿಗೆ ಎರಡು, ಇನ್ನೊಂದಕ್ಕೆ ಒಂದು. ಒಂದು ಕೆಂಪಗಿತ್ತು, ಉಳಿದವು ಆಗಲೇ ಹಳದಿ ತಿರುಗಿದ್ದವು. "ಏನಾಯ್ತು ಪುಟ್ಟಾ?" ಅಂದೆ. "ವೈರು" ಅಂದ. ಅಷ್ಟೇ. ಆಮೇಲೆ ಬಕೆಟ್‌ನಲ್ಲಿದ್ದ ಚೊಂಬಿನ ಜೊತೆ ಆಟ ಆಡತೊಡಗಿದ.

ಸಂಜೆ ಅವನ ಅಮ್ಮ ಬಂದಾಗ ನಾನು ಬಾಯಿ ಬಿಡುವ ಮುಂಚೆಯೇ "ಮಂಚದಿಂದ ಬಿದ್ದಿದಾನೆ ಮಿಸ್, ಕಾಲು ನೋವು ಅಂತಾನೆ" ಅಂದರು. ಬುಧವಾರ ಬಿಡಲು ಬಂದ ಅಜ್ಜಿ ಸೈಕಲ್ ಕತೆ ಹೇಳಿದರು. ನಾನು ಮೇಡಂಗೆ ಎಲ್ಲಾ ಹೇಳಿದೆ. ಅವರು ಹೇಳಿದ್ದು ಹೀಗೆ: "ನೋಡಮ್ಮಾ, ಮಕ್ಕಳು ಅಂದ್ಮೇಲೆ ಬೀಳ್ತವೆ, ಏಳ್ತವೆ. ಮನೆ ವಿಷ್ಯ ನಮಗ್ಯಾಕೆ? ನಾಳೆ ಅವರು ಮಗೂನ ಬಿಡಿಸಿಕೊಂಡು ಹೋದ್ರೆ ಅವರ ಹಿಂದೆ ಇನ್ನೂ ನಾಲ್ಕು ಮಕ್ಕಳು ಹೋಗ್ತವೆ." ಮೇಡಂ ಕೆಟ್ಟವರಲ್ಲ. ಲಾಕ್‌ಡೌನ್‌ನಲ್ಲಿ ಮುಚ್ಚುವ ಹಂತಕ್ಕೆ ಬಂದಿದ್ದ ಜಾಗವನ್ನು ಬಳೆ ಅಡವಿಟ್ಟು ಉಳಿಸಿಕೊಂಡವರು. ಅವರ ಭಯ ನನಗೆ ಅರ್ಥ ಆಗುತ್ತದೆ.

ಈಗ ನನ್ನ ಪ್ರಶ್ನೆ. ನಾನು ನೋಡಿದ್ದು ಸರಿನಾ, ಸುಮ್ನೆ ತಲೆ ಕೆಡಿಸಿಕೊಂಡಿದ್ದೀನಾ? ಹೇಳುವುದಾದರೆ ಯಾರಿಗೆ ಹೇಳಬೇಕು? ಅವತ್ತು ಗಾಬರಿಯಲ್ಲಿ ನನ್ನ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದೆ, ಅದು ತಪ್ಪಾ? ಆ ಅಪ್ಪನನ್ನೇ ಒಂದು ಸಲ ಕರೆದು ಮಾತಾಡಿಸಿದರೆ ಹೇಗೆ ಅಂತಲೂ ಅನ್ನಿಸುತ್ತಿದೆ.

(ತಿದ್ದಿದ್ದು: ಮೊದಲು ಹುಡುಗನ ಮನೆ ಯಾವ ಕಡೆ, ಅಪ್ಪ ಏನು ಕೆಲಸ ಅಂತೆಲ್ಲಾ ಬರೆದಿದ್ದೆ. ಕೆಳಗೆ ಕರಿಕೋಟು ಅಣ್ಣ ಹೇಳಿದ ಮೇಲೆ ತೆಗೆದೆ.)

ಕರಿಕೋಟು:

ಪೂರ್ತಿ ಉತ್ತರ ರಾತ್ರಿ ಬರೆಯುತ್ತೇನೆ, ಕೋರ್ಟಿನಲ್ಲಿದ್ದೇನೆ. ಅರ್ಜೆಂಟಾಗಿ ಎರಡು ಮಾತು. ಒಂದು, ಹುಡುಗನ ಏರಿಯಾ, ಅಪ್ಪನ ಕೆಲಸ ಈಗಲೇ ತೆಗೆಯಿರಿ. ದಾವಣಗೆರೆ ಎಷ್ಟು ದೊಡ್ಡದು ಹೇಳಿ, ಇಷ್ಟು ಸುಳಿವು ಸಿಕ್ಕರೆ ಜಯದೇವ ಸರ್ಕಲ್‌ನಲ್ಲಿ ಟೀ ಕುಡಿಯುವಷ್ಟರಲ್ಲಿ ಯಾರ ಮಗು ಅಂತ ಪತ್ತೆ ಹಚ್ಚುತ್ತಾರೆ. ಎರಡು, ಅಪ್ಪನನ್ನು ಕರೆದು ಕೇಳಬೇಡಿ. ನೀವು ಕೇಳಿದ ಪ್ರಶ್ನೆಗೆ ಅವತ್ತು ರಾತ್ರಿ ಏಟು ತಿನ್ನುವುದು ಮಗು.

ಮಂಡಿಪೇಟೆ ಮಾವ:

ಅಮ್ಮಾ ಟೀಚರೇ, ಬೇಜಾರು ಮಾಡ್ಕೋಬೇಡಿ, ಆದರೆ ಇದೆಲ್ಲಾ ಸ್ವಲ್ಪ ಜಾಸ್ತಿ ಆಯಿತು. ನಮ್ಮಪ್ಪ ಮಿಲ್‌ನಲ್ಲಿ ಪಾಳಿ ಮುಗಿಸಿ ಬಂದು ಬೆಲ್ಟ್ ಬಿಚ್ಚುತ್ತಿದ್ದರು, ನಾವು ಐದು ಜನ ಮಕ್ಕಳು, ಎಲ್ಲರೂ ಇವತ್ತು ಒಂದು ದಾರಿಗೆ ಬಂದಿದ್ದೇವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಒಂದು ಮಾತಿಗೆ ಪೊಲೀಸು, ಕೋರ್ಟು ಅಂತ ಹೋದರೆ ಆ ಸಂಸಾರ ಏನಾಗಬೇಕು? ಅಪ್ಪ ಒಳಗೆ ಹೋದರೆ ಹುಡುಗನಿಗೆ ಊಟ ಯಾರು ಹಾಕುತ್ತಾರೆ, ನೀವಾ?

ಹಳೇ ಸೂಪರ್‌ವೈಸರ್:

ಮಾವನವರೇ, ಮೂರು ವರ್ಷದ ಗಿಡ ಬಗ್ಗಿಸುವುದಕ್ಕೆ ವೈರ್ ಬೇಕಾ? ಇರಲಿ, ನಿಮ್ಮ ಕೊನೆಯ ಪ್ರಶ್ನೆ ಮಾತ್ರ ಸರಿಯಾದದ್ದು, ಅದಕ್ಕೆ ಆಮೇಲೆ ಬರುತ್ತೇನೆ.

ಟೀಚರಮ್ಮಾ, ನಾನು ಅಂಗನವಾಡಿ ಮೇಲ್ವಿಚಾರಕಿ ಆಗಿದ್ದವಳು. ಜಗಳೂರು, ಚನ್ನಗಿರಿ ಕಡೆ ಎಲ್ಲಾ ಓಡಾಡಿದ್ದೇನೆ, ಈಗ ರಿಟೈರ್ ಆಗಿ ಮೊಮ್ಮಗಳನ್ನು ಆಡಿಸಿಕೊಂಡು ಇದ್ದೇನೆ. ನೀವು ಸರಿಯಾಗಿಯೇ ನೋಡಿದ್ದೀರಿ. ಮಕ್ಕಳು ಬಿದ್ದರೆ ಎಲ್ಲಿ ಪೆಟ್ಟಾಗುತ್ತದೆ ಅಂತ ನಿಮಗೇ ಗೊತ್ತು: ಮೊಣಕಾಲು, ಮುಂಗಾಲಿನ ಮೂಳೆ, ಹಣೆ, ಗದ್ದ, ಮೊಣಕೈ. ಎಲ್ಲಾ ಮುಂದೆ, ಎಲ್ಲಾ ಮೂಳೆ ಇರುವ ಕಡೆ. ತೊಡೆ ಹಿಂದೆ, ಬೆನ್ನು, ಹೊಟ್ಟೆ, ಕಿವಿ, ಕತ್ತು, ಇಲ್ಲೆಲ್ಲಾ ತಾನಾಗಿ ಬಿದ್ದು ಗುರುತಾಗುವುದು ಕಮ್ಮಿ. ಜೊತೆಗೆ ಗುರುತಿಗೇ ಒಂದು ಆಕಾರ ಇದ್ದರೆ, ಅಂದರೆ ಮಡಚಿದ ವೈರಿನ ಕುಣಿಕೆ, ಬೆರಳಿನ ಅಚ್ಚು, ಬಳೆಯ ಗುಂಡು, ಆಗ ಮಂಚವೂ ಅಲ್ಲ, ಸೈಕಲ್ಲೂ ಅಲ್ಲ. ಬಣ್ಣ ನೋಡಿ ಇದು ಮೂರು ದಿನದ್ದು, ಇದು ಐದು ದಿನದ್ದು ಅಂತ ಮಾತ್ರ ಲೆಕ್ಕ ಹಾಕಲು ಹೋಗಬೇಡಿ, ಡಾಕ್ಟರಿಗೂ ಅದು ಕಷ್ಟ.

ಆದರೆ ಮೋಸ ಹೋಗುವುದೂ ಉಂಟು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೂಸಿನ ಕುಂಡಿ ಮೇಲೆ ಅಂಗೈ ಅಗಲ ನೀಲಿ ಮಚ್ಚೆ ನೋಡಿ ಆ ತಾಯಿಯನ್ನು ಎಲ್ಲರ ಮುಂದೆ ಬೈದುಬಿಟ್ಟೆ. ಅದು ಹುಟ್ಟುಮಚ್ಚೆ. ನಮ್ಮ ಕಡೆ ಎಷ್ಟೋ ಕೂಸುಗಳಿಗೆ ಬೆನ್ನಿನ ಕೆಳಗೆ ಹಾಗೆ ಇರುತ್ತದೆ, ಬೆಳೆದಂತೆ ಮಾಸುತ್ತದೆ. ಏಟಿನ ಗುರುತು ಒಂದೆರಡು ವಾರದಲ್ಲಿ ಬಣ್ಣ ಬದಲಿಸಿ ಹೋಗುತ್ತದೆ, ಹುಟ್ಟುಮಚ್ಚೆ ಹಾಗೇ ಇರುತ್ತದೆ. ಅದಕ್ಕೇ ಅಡ್ಮಿಷನ್ ದಿನವೇ ಅಮ್ಮನನ್ನು ಕೂರಿಸಿಕೊಂಡು ಇರುವ ಮಚ್ಚೆ, ಹಳೇ ಗಾಯ ಎಲ್ಲಾ ಬರೆದಿಟ್ಟುಕೊಳ್ಳಬೇಕು. ಇನ್ನೊಂದು ಬರೆ. ಕಾಮಾಲೆಗೆ, ಬಾಲಗ್ರಹಕ್ಕೆ ಅಂತ ಕೂಸಿನ ಹೊಟ್ಟೆ ಮೇಲೆ ಬಿಸಿ ಮಾಡಿ ಬರೆ ಎಳೆಯುವುದು ಹಳ್ಳಿ ಕಡೆ ನಾನೇ ಕಣ್ಣಾರೆ ನೋಡಿದ್ದೇನೆ. ಎಳೆದವರಿಗೆ ಮಗು ಮೇಲೆ ದ್ವೇಷ ಇರಲಿಲ್ಲ, ಉಳಿಯಲಿ ಅಂತಲೇ ಎಳೆದಿದ್ದರು. ಸುಟ್ಟಿದ್ದು ಸುಟ್ಟಿದ್ದೇ, ಅದನ್ನೂ ಹೇಳಬೇಕು. ನನ್ನ ಮಾತಿನ ಅರ್ಥ ಇಷ್ಟೇ: ಗುರುತು ನೋಡುವುದು ನಿಮ್ಮ ಕೆಲಸ, ಯಾಕಾಯಿತು ಯಾರು ಮಾಡಿದರು ಅಂತ ತೀರ್ಪು ಕೊಡುವುದು ನಿಮ್ಮ ಕೆಲಸ ಅಲ್ಲ. ಆ ಭಾರ ಇಳಿಸಿಬಿಡಿ.

ಇವತ್ತೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬಿಡಿ ಹಾಳೆ ಬೇಡ, ಹೊಲಿದ ಪುಸ್ತಕ, ಪುಟಕ್ಕೆ ನಂಬರ್ ಹಾಕಿ. ತಾರೀಖು, ಗಂಟೆ. ಬೊಂಬೆಯ ಹಾಗೆ ಮುಂದಿನದ್ದೊಂದು ಹಿಂದಿನದ್ದೊಂದು ಚಿತ್ರ ಬರೆದು ಗುರುತು ಎಲ್ಲಿತ್ತೋ ಅಲ್ಲಿ ಪೆನ್ನಿನಲ್ಲಿ ಹಾಕಿ, ಉದ್ದ ಎಷ್ಟು, ಬಣ್ಣ ಏನು ಅಂತ ಬರೆಯಿರಿ. ನೀವು ಕೇಳಿದ ಮಾತು "ಏನಾಯ್ತು ಪುಟ್ಟಾ", ಅವನು ಹೇಳಿದ ಮಾತು "ವೈರು". "ಅಪ್ಪ ವೈರಿನಿಂದ ಹೊಡೆದನಂತೆ" ಅಂತ ಬರೆಯಬೇಡಿ, ಅವನು ಹಾಗೆ ಹೇಳಿಲ್ಲ. ಅಮ್ಮ ಹೇಳಿದ್ದು ಮಂಚ, ಅಜ್ಜಿ ಹೇಳಿದ್ದು ಸೈಕಲ್, ಅದನ್ನೂ ಅವರ ಮಾತಿನಲ್ಲೇ ಬರೆಯಿರಿ. ಸಹಿ ಹಾಕಿ.

ಇನ್ನು ಮಗುವನ್ನು ಮತ್ತೆ ಕೇಳಬೇಡಿ. ಇದು ನಾನು ಕಲಿತ ಪಾಠ, ಬೇರೆ ಮಗುವಿನ ಲೆಕ್ಕದಲ್ಲಿ ಕಲಿತದ್ದು. ಒಂದು ಹಳ್ಳಿಯಲ್ಲಿ ನಾಲ್ಕು ವರ್ಷದ ಹುಡುಗಿ ಅಂಗನವಾಡಿ ಕಾರ್ಯಕರ್ತೆ ಹತ್ತಿರ ಏನೋ ಹೇಳಿದಳು. ಕಾರ್ಯಕರ್ತೆ ನನಗೆ ಹೇಳಿದಳು. ನಾನು ಹೋಗಿ ಕೇಳಿದೆ, ಊರಿನ ಆಶಾ ಕಾರ್ಯಕರ್ತೆ ಕೇಳಿದಳು, ಪಂಚಾಯಿತಿ ಮೆಂಬರ್ ಹೆಂಡತಿ ಬಂದು ತೊಡೆ ಮೇಲೆ ಕೂರಿಸಿಕೊಂಡು "ಆ ಮಾಮ ತಾನೇ, ಹೇಳು, ಆ ಮಾಮ ತಾನೇ?" ಅಂದಳು. ನಿಜವಾಗಿ ಕೇಳಬೇಕಾದವರು ಬರುವ ಹೊತ್ತಿಗೆ ಹುಡುಗಿ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ಮಳೆ ಬರ್ತಿದೆಯಾ ಅಂದರೂ ಹೂಂ. ಆ ಕೇಸ್ ನಿಲ್ಲಲಿಲ್ಲ. ಈಗಲೂ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋದರೆ ಆ ಕಡೆ ತಿರುಗಿ ನೋಡುವುದಿಲ್ಲ ನಾನು.

ಮಾವನವರೇ, ಊಟ ಯಾರು ಹಾಕುತ್ತಾರೆ ಅಂದಿರಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ ತಕ್ಷಣ ಅಪ್ಪನಿಗೆ ಬೇಡಿ ಹಾಕುವುದಿಲ್ಲ. ಬಂದು ನೋಡುತ್ತಾರೆ, ಮನೆಯವರ ಜೊತೆ ಮಾತಾಡುತ್ತಾರೆ, ಎಷ್ಟೋ ಕಡೆ ಕೌನ್ಸೆಲಿಂಗ್ ಮಾಡಿ ಆಗಾಗ ಹೋಗಿ ವಿಚಾರಿಸುತ್ತಾರೆ. ಮಗುವನ್ನು ಮನೆಯಿಂದ ಬೇರೆ ಮಾಡುವುದು ಕೊನೆಯ ದಾರಿ. ಕುಡಿತ, ಸಾಲ, ಗಂಡ ಹೆಂಡತಿ ಜಗಳ, ಏನೋ ಒಂದು ಇರುತ್ತದೆ. ಯಾರಾದರೂ ಕೇಳಿಕೊಂಡು ಬಂದರು ಅನ್ನುವುದೇ ಎಷ್ಟೋ ತಾಯಂದಿರಿಗೆ ಸಾಕಾಗುತ್ತದೆ.

ಕರಿಕೋಟು:

ಅಕ್ಕ ಹೇಳಿದ್ದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ, ಕಾನೂನಿನ ಭಾಗ ಮಾತ್ರ ಹೇಳುತ್ತೇನೆ.

ನೀವು ಹೇಳಿದ್ದು ಹೊಡೆತದ ವಿಷಯ. ಅದಕ್ಕೆ ಬಾಲ ನ್ಯಾಯ ಕಾಯ್ದೆ 2015. ಅದರ 75ನೇ ಸೆಕ್ಷನ್ ಪ್ರಕಾರ ಮಗು ಯಾರ ಸುಪರ್ದಿಯಲ್ಲಿದೆಯೋ ಅವರೇ ಅದಕ್ಕೆ ಹಿಂಸೆ ಕೊಟ್ಟರೆ ಮೂರು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ದಂಡ, ಅಥವಾ ಎರಡೂ. ಅಪ್ಪ ಅಮ್ಮನಿಗೆ ರಿಯಾಯಿತಿ ಇಲ್ಲ. ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯ ಕೆಲಸದವರೇ ಮಾಡಿದರೆ ಐದು ವರ್ಷದವರೆಗೆ, ದಂಡವೂ ಐದು ಲಕ್ಷದವರೆಗೆ. ಮನೆಯಲ್ಲಿ ಹೀಗೆ ಏಟು ತಿನ್ನುವ ಮಗು "ಪಾಲನೆ ಮತ್ತು ರಕ್ಷಣೆ ಬೇಕಾದ ಮಗು" ಅನ್ನುವ ಲೆಕ್ಕಕ್ಕೆ ಬರುತ್ತದೆ. ಅದನ್ನು ನೋಡುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ಅಧ್ಯಕ್ಷರ ಜೊತೆ ನಾಲ್ಕು ಜನ ಸದಸ್ಯರು. ಓಡಾಡುವ ಕೆಲಸ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದು. ನಿಮಗೆ ಇಷ್ಟೆಲ್ಲಾ ನೆನಪಿರಬೇಕಾಗಿಲ್ಲ, 1098 ನೆನಪಿದ್ದರೆ ಸಾಕು. 24 ಗಂಟೆಯೂ ಇದೆ, ದುಡ್ಡು ಬೀಳುವುದಿಲ್ಲ, ಹೆಸರು ಗುಟ್ಟಾಗಿಡಿ ಅಂತ ಕೇಳಬಹುದು. ಈಗಲೇ ಪ್ರಾಣಕ್ಕೆ ಅಪಾಯ ಅನ್ನಿಸಿದರೆ ತುರ್ತು ಸಹಾಯದ ನಂಬರ್ 112.

ಇದು ಹೊಡೆತ ಬಿಟ್ಟು ಲೈಂಗಿಕ ವಿಷಯ ಆಗಿದ್ದರೆ ಮಾತು ಬೇರೆ. ಅದಕ್ಕೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆ 2012 ಇದೆ, ಅದರ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಮೇಲೆ ಪೊಲೀಸರಿಗೆ ಹೇಳಲೇಬೇಕು. ಟೀಚರ್, ಆಯಾ, ಡಾಕ್ಟರ್, ಪಕ್ಕದ ಮನೆಯವರು, ಯಾರೇ ಆಗಲಿ. ಹೇಳದಿದ್ದರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. "ಮೇಡಂ ಬೇಡ ಅಂದರು" ಅನ್ನುವುದು ಅಲ್ಲಿ ನಿಲ್ಲುವುದಿಲ್ಲ. ಸಾಕ್ಷಿ ಬೇಕು ಅಂತಲೂ ಇಲ್ಲ, ಅನುಮಾನವನ್ನು ಒಳ್ಳೇ ಮನಸ್ಸಿನಿಂದ ಹೇಳಿದರೆ ಆಮೇಲೆ ಅದು ತಪ್ಪು ಅಂತಾದರೂ ನಿಮ್ಮ ಮೇಲೆ ಕೇಸ್ ಬರುವುದಿಲ್ಲ. ಮಗುವಿನ ಹೇಳಿಕೆ ತೆಗೆದುಕೊಳ್ಳಲು ಪೊಲೀಸರು ಯೂನಿಫಾರ್ಮ್‌ನಲ್ಲಿ ಬರುವ ಹಾಗಿಲ್ಲ, ಮನೆಯಲ್ಲೋ ಮಗುವಿಗೆ ಇಷ್ಟವಾದ ಕಡೆಯೋ ಕೂತು ಕೇಳಬೇಕು. ಜನ ಠಾಣೆ ಅಂದ ತಕ್ಷಣ ಹೆದರುತ್ತಾರೆ ಅಂತ ಇದನ್ನು ಹೇಳಿದೆ.

ನಿಮ್ಮ ಮೇಡಂಗೆ ಒಂದು ಮಾತು, ಬೆದರಿಕೆ ಅಲ್ಲ. 2020ರ ಪೋಕ್ಸೋ ನಿಯಮಗಳ ಪ್ರಕಾರ ಮಕ್ಕಳ ಜೊತೆ ದಿನಾ ಒಡನಾಡುವ ಸಂಸ್ಥೆಗಳು, ಶಿಶುವಿಹಾರ ಸೇರಿ, ಕೆಲಸದವರೆಲ್ಲರ ಪೊಲೀಸ್ ವೆರಿಫಿಕೇಷನ್ ಮಾಡಿಸಬೇಕು, ಆಯಾ, ಡ್ರೈವರ್, ವಾಚ್‌ಮನ್ ಎಲ್ಲರದ್ದೂ. ಒಂದು ಸಲ ಮಾಡಿಸಿ ಕಪಾಟಿನಲ್ಲಿಟ್ಟರೆ ಆಗುವುದಿಲ್ಲ, ಆಗಾಗ ಮಾಡಿಸಬೇಕು.

ಫೋಟೋ: ತಪ್ಪು ಮಾಡಿದಿರಿ ಅನ್ನುವುದಿಲ್ಲ, ಗಾಬರಿಯಲ್ಲಿ ಎಲ್ಲರೂ ಮಾಡುವುದೇ. ಆದರೆ ಅದನ್ನು ಯಾರಿಗೂ ಕಳಿಸಬೇಡಿ, ಮೇಡಂಗೂ, ಗಂಡನಿಗೂ, ನನಗೂ. 1098ರವರಿಗೆ ಹೀಗೊಂದು ಫೋಟೋ ಇದೆ ಅಂತ ಹೇಳಿ, ಅವರು ಹೇಳಿದ ಹಾಗೆ ಮಾಡಿ. ಮುಂದೆ ಎಂದೂ ಮಕ್ಕಳ ಬಟ್ಟೆ ಇಲ್ಲದ ಮೈಯ ಫೋಟೋ ಸ್ವಂತ ಮೊಬೈಲ್‌ನಲ್ಲಿ ತೆಗೆಯಬೇಡಿ. ಅಕ್ಕ ಹೇಳಿದ ಬೊಂಬೆ ಚಿತ್ರ ಸಾಕು.

ಮಂಡಿಪೇಟೆ ಮಾವ, 2007ರಲ್ಲಿ ಕೇಂದ್ರ ಸರ್ಕಾರವೇ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ತಂದಿತ್ತು. ಮೂರರಲ್ಲಿ ಎರಡು ಮಕ್ಕಳು ಏಟು ತಿಂದವರು. ಮನೆಯಲ್ಲಿ ತಿಂದವರಲ್ಲಿ 88.6 ಪರ್ಸೆಂಟ್ ಮಕ್ಕಳಿಗೆ ಹೊಡೆದದ್ದು ಅಪ್ಪ ಅಮ್ಮ. ಎಲ್ಲಾ ಕಡೆ ಇದೆ ಅನ್ನುವುದು ನಿಜ. ಅದಕ್ಕೇ ಸರಿ ಅಂತ ಆಗುತ್ತದಾ?

ಎರಡು ಜಡೆ ಡೇ ಕೇರ್:

ನಾನು ವಿದ್ಯಾನಗರದ ಕಡೆ ಚಿಕ್ಕದೊಂದು ಡೇ ಕೇರ್ ನಡೆಸುತ್ತೇನೆ, ಹಾಗಾಗಿ ಮೇಡಂ ಕಡೆಯಿಂದ ಸ್ವಲ್ಪ ಮಾತಾಡಲೇ? ತಿಂಗಳ ಕೊನೆಗೆ ಬಾಡಿಗೆ ಕಟ್ಟುವಾಗ ಒಂದು ಮಗು ಕಮ್ಮಿಯಾದರೂ ಗೊತ್ತಾಗುತ್ತದೆ. ನಾನೂ ಮೊದಲು ಹಾಗೇ ಇದ್ದೆ. ಮೇಡಂಗೆ ಇದನ್ನು "ನಮಗೂ ಒಳ್ಳೇದು" ಅಂತ ತಿಳಿಸಿ ನೋಡಿ. ಆ ಗುರುತನ್ನು ನಾಳೆ ಅವರ ಅಪ್ಪನೇ "ನಿಮ್ಮ ಡೇ ಕೇರ್‌ನಲ್ಲೇ ಆಗಿದ್ದು" ಅಂದರೆ ನಿಮ್ಮ ಹತ್ತಿರ ಏನಿದೆ ತೋರಿಸಲು? ನಮ್ಮಲ್ಲಿ ಬೆಳಿಗ್ಗೆ ಮಗು ಒಳಗೆ ಬರುವಾಗಲೇ ಬಾಗಿಲಲ್ಲಿ ಒಂದು ನೋಟ ನೋಡಿ, ಏನಾದರೂ ಇದ್ದರೆ ಪುಸ್ತಕದಲ್ಲಿ ಬರೆದು ಬಿಡಲು ಬಂದವರ ಸಹಿ ಹಾಕಿಸುತ್ತೇವೆ. ಮಕ್ಕಳು ಅದಕ್ಕೆ "ಬಿದ್ದ ಪುಸ್ತಕ" ಅಂತಾರೆ. ನಮ್ಮಲ್ಲಿ ಬಿದ್ದರೂ ಅದೇ ಪುಸ್ತಕ, ಸಂಜೆ ಅಮ್ಮನ ಸಹಿ. ಮೊದಲು ಎಲ್ಲರೂ ಗೊಣಗಿದರು, ಈಗ ಅವರೇ "ಮಿಸ್, ಮೊಣಕಾಲು ಬರ್ಕೊಳ್ಳಿ" ಅಂತಾರೆ.

ಚಡ್ಡಿ ಬದಲಿಸುವಾಗ ಬಾಗಿಲು ಅರ್ಧ ತೆರೆದಿರಬೇಕು, ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರ ಇರಬೇಕು. ಮಗುವಿನ ಮಾನವೂ ಉಳಿಯಬೇಕು, ನೀವು ಒಬ್ಬರೇ ಬಾಗಿಲು ಹಾಕಿಕೊಂಡೂ ಇರಬಾರದು. ಸಿಸಿ ಕ್ಯಾಮೆರಾ ಇದೆ ಅಂತ ನೆಚ್ಚಿಕೊಳ್ಳಬೇಡಿ, ಟಾಯ್ಲೆಟ್‌ನಲ್ಲಿ ಕ್ಯಾಮೆರಾ ಇಡಲೂಬಾರದು, ಜನ ಎಚ್ಚರ ಇರಬೇಕಾದದ್ದು ಅಲ್ಲೇ.

ಇನ್ನು ಕರೆದುಕೊಂಡು ಹೋಗುವವರ ಪಟ್ಟಿ. ಫೋಟೋ ಸಮೇತ ಮೂರು ಜನ, ನಾಲ್ಕನೆಯವರು ಬಂದರೆ ನಾವೇ ಅಮ್ಮನಿಗೆ ಫೋನ್ ಮಾಡುತ್ತೇವೆ. ಬಂದವರು ಮಾಡಿಕೊಟ್ಟ ಫೋನ್‌ನಲ್ಲಿ ಮಾತಾಡುವುದಿಲ್ಲ. ಒಂದು ಸಲ ಹೀಗೇ ಒಬ್ಬರು "ನಾನು ಸೋದರಮಾವ" ಅಂತ ಬಂದರು, ಅಮ್ಮ ಫೋನ್ ಎತ್ತಲಿಲ್ಲ. ಏಪ್ರಿಲ್ ಬಿಸಿಲು, ದಾವಣಗೆರೆ ಬಿಸಿಲು ನಿಮಗೇ ಗೊತ್ತಲ್ಲ, ಪಾಪ ಅರ್ಧ ಗಂಟೆ ಗೇಟಿನ ಹೊರಗೆ ನಿಂತರು. ನೀರು ಕೊಟ್ಟೆ, ಮಗು ಕೊಡಲಿಲ್ಲ. ನಿಜವಾಗಿಯೂ ಸೋದರಮಾವನೇ! ಆ ಮಗುವಿನ ಅಮ್ಮ ಒಂದು ತಿಂಗಳು ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ನಾಳೆ ಇನ್ನೊಬ್ಬ ಸೋದರಮಾವ ಬಂದರೂ ನಿಲ್ಲಿಸುತ್ತೇನೆ.

ಎಸಿ ಇಲ್ಲದ ಅಪ್ಪ:

ನಡುವೆ ಬಾಯಿ ಹಾಕುತ್ತಿದ್ದೇನೆ, ನನ್ನ ಮಗಳನ್ನು ಬರುವ ತಿಂಗಳು ಡೇ ಕೇರ್‌ಗೆ ಹಾಕಬೇಕು. ನೋಡಲು ಹೋದ ಕಡೆ ಎಲ್ಲಾ ಗೋಡೆಗೆ ಮೋಟು ಪತ್ಲು ಚಿತ್ರ, ಎಸಿ, ಆಪ್‌ನಲ್ಲಿ ಲೈವ್ ವಿಡಿಯೋ ಅಂತ ತೋರಿಸುತ್ತಾರೆ. ನಾನು ಏನು ಕೇಳಬೇಕು?

ಎರಡು ಜಡೆ ಡೇ ಕೇರ್:

ಟಾಯ್ಲೆಟ್ ತೋರಿಸಿ ಅನ್ನಿ. ಅಲ್ಲಿಗೆ ಮಗುವನ್ನು ಯಾರು ಕರೆದುಕೊಂಡು ಹೋಗುತ್ತಾರೆ ಕೇಳಿ. ಹೇಳದೆ ಕೇಳದೆ ಮಧ್ಯಾಹ್ನ ಮೂರಕ್ಕೆ ಬಂದರೆ ಒಳಗೆ ಬಿಡುತ್ತೀರಾ ಅಂತ ಕೇಳಿ, "ಮಕ್ಕಳು ಡಿಸ್ಟರ್ಬ್ ಆಗ್ತಾರೆ" ಅಂದರೆ ಮುಂದಿನ ಡೇ ಕೇರ್ ನೋಡಿ. ಲೈವ್ ವಿಡಿಯೋ ಬಗ್ಗೆ ನನಗೆ ಅಷ್ಟು ಒಳ್ಳೇ ಅಭಿಪ್ರಾಯ ಇಲ್ಲ. ನಿಮ್ಮ ಮಗಳನ್ನು ನೀವು ನೋಡುತ್ತೀರಿ ಸರಿ, ಉಳಿದ ಇಪ್ಪತ್ತು ಮನೆಯವರೂ ಅವರ ನೆಂಟರೂ ನೋಡುತ್ತಾರಲ್ಲ.

ಮಂಡಿಪೇಟೆ ಮಾವ:

ನಾನು ಹೊಡೆಯಿರಿ ಅಂತ ಹೇಳಲಿಲ್ಲಪ್ಪಾ. ಎಲ್ಲರೂ ನನ್ನ ಮೇಲೇ ಬಿದ್ದಿರಿ. ಬೆಲ್ಟಿನ ಮಾತು ಬರೆದ ಮೇಲೆ ರಾತ್ರಿ ನಮ್ಮ ತಮ್ಮನಿಗೆ ಫೋನ್ ಮಾಡಿದ್ದೆ, ನೆನಪಿದೆಯಾ ಅಂದೆ. ಅವನು ಮಾತು ಬದಲಿಸಿದ, ಈರುಳ್ಳಿ ರೇಟ್ ಕೇಳಿದ. ಟೀಚರೇ, ನಿಮಗೆ ಹೇಗೆ ಸರಿ ಅನ್ನಿಸುತ್ತದೋ ಹಾಗೆ ಮಾಡಿ.

ಬಳಪದ ಚೂರು:

ಎಲ್ಲರಿಗೂ ದೊಡ್ಡ ನಮಸ್ಕಾರ. ಏನಾಯಿತು ಅಂತ ಹೇಳಬೇಕು ಅಲ್ವಾ.

ಶುಕ್ರವಾರ ಮಕ್ಕಳೆಲ್ಲಾ ಹೋದ ಮೇಲೆ ನೋಟ್‌ಬುಕ್ ಮೇಡಂ ಮುಂದೆ ಇಟ್ಟೆ. ಬೊಂಬೆ ಚಿತ್ರ ನೋಡಿದರು, ತುಂಬಾ ಹೊತ್ತು ಏನೂ ಮಾತಾಡಲಿಲ್ಲ. "ಇದು ಇಷ್ಟು ಉದ್ದ ಇತ್ತಾ?" ಅಂದರು. ನನ್ನ ಕಿರುಬೆರಳು ತೋರಿಸಿದೆ. ಎರಡು ಜಡೆ ಅಕ್ಕ ಹೇಳಿದ ಹಾಗೆ "ನಮ್ಮ ಮೇಲೇ ಬಂದರೆ?" ಅಂದೆ, ನಿಜ ಹೇಳಬೇಕೆಂದರೆ ಕೆಲಸ ಮಾಡಿದ್ದು ಆ ಮಾತೇ. ಮೇಡಂ ಬಾಗಿಲು ಹಾಕಿ ತಾವೇ 1098ಕ್ಕೆ ಫೋನ್ ಹಚ್ಚಿದರು, ಸ್ಪೀಕರ್‌ನಲ್ಲಿ. ಆ ಕಡೆ ಮಾತಾಡಿದ ಹೆಣ್ಣುಮಗಳು ಕನ್ನಡದಲ್ಲೇ ಸಮಾಧಾನವಾಗಿ ಕೇಳಿದರು. ಮಗು ಈಗ ಎಲ್ಲಿದೆ, ಇವತ್ತು ರಾತ್ರಿ ಮನೆಯಲ್ಲಿ ಯಾರು ಯಾರು ಇರುತ್ತಾರೆ ಅನ್ನುವುದೇ ಮೊದಲ ಪ್ರಶ್ನೆ. ಫೋಟೋ ವಿಷಯವನ್ನೂ ಹೇಳಿದೆ, ಯಾರಿಗೂ ಕಳಿಸಬೇಡಿ, ಬರುವವರು ಹೇಳುತ್ತಾರೆ ಅಂದರು.

ಮರುದಿನ ಇಬ್ಬರು ಬಂದರು, ಜೀಪಿಲ್ಲ, ಖಾಕಿ ಇಲ್ಲ, ಒಬ್ಬರ ಕೈಯಲ್ಲಿ ಟಿಫನ್ ಕ್ಯಾರಿಯರ್ ಇತ್ತು. ನನ್ನ ಪುಸ್ತಕದ ಪುಟ ನೋಡಿಕೊಂಡರು. ಆ ಮನೆಗೆ ಹೋಗಿದ್ದಾರೆ. ಅಲ್ಲಿ ಏನಾಯಿತು ಅಂತ ನಮಗೆ ಹೇಳುವುದಿಲ್ಲ ಅಂದರು, ಹೇಳಬಾರದಂತೆ. ಎರಡು ದಿನ ಅದೇ ಚಿಂತೆ ನನಗೆ. ಹುಡುಗನ ಜಾಗ ಖಾಲಿ ಇತ್ತು, ನಾನೇ ಕೆಡಿಸಿಬಿಟ್ಟೆನಾ ಅಂತ ರಾತ್ರಿ ನಿದ್ದೆ ಇಲ್ಲ.

ಇವತ್ತು ಬಂದಿದ್ದ. ಅಮ್ಮನೇ ಬಿಟ್ಟು ಹೋದರು, ನನ್ನನ್ನು ನೋಡಿ ಏನೂ ಹೇಳಲಿಲ್ಲ, ಚಪ್ಪಲಿ ಬಿಚ್ಚಿ ಅವನ ಬ್ಯಾಗ್ ಒಳಗೆ ತಂದಿಟ್ಟರು, ಯಾವತ್ತೂ ಗೇಟಿನಲ್ಲೇ ಕೊಡುವವರು. ಸಂಜೆ ಒಗ್ಗರಣೆ ಮಂಡಕ್ಕಿ ಇತ್ತು, ಎರಡು ಸಲ ಹಾಕಿಸಿಕೊಂಡ, ಹಸಿಮೆಣಸಿನಕಾಯಿ ಎಲ್ಲಾ ಆರಿಸಿ ನನ್ನ ತಟ್ಟೆಗೆ ಹಾಕಿದ.

ಕರೆದುಕೊಂಡು ಹೋಗುವವರ ಪಟ್ಟಿಗೆ ಫೋಟೋ ಅಂಟಿಸಬೇಕು ಅಂತ ಮೇಡಂ ನಾಳೆ ಪೇರೆಂಟ್ಸ್ ಗುಂಪಿಗೆ ಮೆಸೇಜ್ ಹಾಕುತ್ತಾರಂತೆ. ಎರಡು ಜಡೆ ಅಕ್ಕಾ, ನಿಮ್ಮ "ಬಿದ್ದ ಪುಸ್ತಕ"ದಲ್ಲಿ ಯಾವ ಯಾವ ಕಾಲಂ ಹಾಕಿದ್ದೀರಿ, ಒಂದು ಪುಟ ಇಲ್ಲಿ ಬರೆದು ತೋರಿಸುತ್ತೀರಾ? ಮಕ್ಕಳ ಹೆಸರು ಬಿಟ್ಟು.